ಹೊಳೆಸಾಲು ಸ್ವಿಂಗ್

ಹರಿಹರದ ಕಲ್ಲೇಶಪ್ಪ ಮುಂದಿನ ಹಲ್ಲುಗಳನ್ನು ಕೀಳಿಸಿಕೊಂಡ ವಾರವೇ ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದ ಅವನ ಮಗಳ ಮನೆಯಲ್ಲಿ ಜಗಳ ಶುರುವಾಯಿತು.

ಅವನು ಮಧ್ಯಾಹ್ನದ ಬಸ್ಸಿಗೆ ಬಂದಿದ್ದ. ಒಂದು ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದ ಕರವಸ್ತ್ರ, ಇನ್ನೊಂದರಲ್ಲಿ ಸ್ಯಾಕ್ಸೊಫೋನಿನ ಉದ್ದನೆಯ ಪೆಟ್ಟಿಗೆ. ಮಗಳು ರೇಖಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳ ಅತ್ತೆ ಅಂಜಿನವ್ವ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ಪೆಟ್ಟಿಗೆ ಕಂಡ ಕೂಡಲೇ ಅವಳ ಕೈ ಮೊರದ ಮೇಲೆ ನಿಂತಿತು.

"ಬರ್ರಿ ಬೀಗರೆ, ಕೂಡ್ರಿ. ಬಾಯಿಗೆ ಏನಾತು?"

"ಸಕ್ಕರೆ ಕಾಯಿಲೆ. ಒಸಡು ಗಟ್ಟಿ ಇಲ್ಲ ಅಂತ ಮುಂದಿನವು ಎಲ್ಲಾ ಕಿತ್ತಾಕಿದ್ರು."

"ಪಾಪ. ಮತ್ತೆ ಅದನ್ಯಾಕ ಹೊತ್ಕಂಡು ಬಂದೀರಿ?"

"ರೇಖಾನ್ನ ಒಂದು ಮಾತು ಕೇಳಾಕೆ."

ರೇಖಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಕಲ್ಲೇಶಪ್ಪ ಸುತ್ತಿಬಳಸಿ ಮಾತಾಡುವವನಲ್ಲ. "ಮುಂದಿನ ತಿಂಗಳು ದಾವಣಗೆರೆಯಾಗೆ ಒಂದು ರಿಸೆಪ್ಶನ್ ಐತೆ. ನಾನೇ ಒಪ್ಕಂಡಿದ್ದು. ಈಗ ಊದಿದ್ರೆ ಗಾಳಿ ಎಲ್ಲಾ ಪಕ್ಕಕ್ಕೆ ಹೋಗ್ತೈತೆ. ನನ್ನ ಜಾಗದಾಗೆ ನೀನು ನಿಂತ್ಕಬೇಕವ್ವ. ಒಂದೇ ಸಲ."

ರೇಖಾ ಅತ್ತೆಯ ಮುಖ ನೋಡಿದಳು. ಅಂಜಿನವ್ವ ಬೇಳೆಯಿಂದ ಕಣ್ಣೆತ್ತದೆ, "ಮೊದ್ಲು ಚಾ ಕುಡೀರಿ" ಎಂದಳು.

ಕಲ್ಲೇಶಪ್ಪ ಹುಡುಗನಾಗಿದ್ದಾಗ ಹರಿಹರದ ಒಂದು ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿದ್ದ. ಅಲ್ಲಿ ಗೋವಾ ಕಡೆಯ ಒಬ್ಬ ಫಿಟ್ಟರ್ ಶನಿವಾರ ಸಂಜೆ ಕ್ಲಬ್ಬಿನಲ್ಲಿ ಹಳೆಯ ಕಾಲದ ಸ್ವಿಂಗು, ಜಾಝು ಎಂಬ ವಿದೇಶಿ ಕುಣಿತದ ಸಂಗೀತ ಊದುತ್ತಿದ್ದ. ಕುರ್ಚಿ ಜೋಡಿಸಲು ಹೋಗುತ್ತಿದ್ದ ಕಲ್ಲೇಶಪ್ಪ ಅವನಿಂದಲೇ ಸ್ಯಾಕ್ಸೊಫೋನ್ ಕಲಿತ. ಮುಂದೆ ಫ್ಯಾಕ್ಟರಿ ಬಿಟ್ಟು ಮದುವೆಗಳಿಗೆ ಬ್ಯಾಂಡ್ ಕಟ್ಟಿಕೊಂಡ. ಗಂಡುಮಕ್ಕಳಿಲ್ಲದ ಅವನು ಮಗಳಿಗೇ ಊದುವುದನ್ನು ಕಲಿಸಿದ. ಮದುವೆಯಾಗುವವರೆಗೂ ರೇಖಾ ಅಪ್ಪನ ಪಕ್ಕ ನಿಂತು ಊದಿದ್ದಳು. ಗಂಡನ ಮನೆಗೆ ಬಂದ ಮೇಲೆ ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ, ಊದು ಎಂದೂ ಯಾರೂ ಕೇಳಲಿಲ್ಲ.

ಗಂಡನ ಮನೆಯವರೂ ಮೂಲದಲ್ಲಿ ಹದಡಿ ಎಂಬ ಹಳ್ಳಿಯಲ್ಲಿ ಹಬ್ಬಹರಿದಿನಕ್ಕೆ ಊದಿ ಬಾರಿಸಿ ಬದುಕಿದ್ದವರೇ. ಅಂಜಿನವ್ವನ ಗಂಡ ಮೈಲಾರಲಿಂಗಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾಗಿ, ನಿಟ್ಟುವಳ್ಳಿಯಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ್ದ. ಮಗ ಸಿದ್ದು ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಮಗಳು ರಶ್ಮಿ ಬಿಕಾಂ ಮುಗಿಸಿ ಬಟ್ಟೆ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಳು. ಊದುವುದು ಬಾರಿಸುವುದು ಮನೆತನದಿಂದ ಹೋಗಿ ಎರಡು ತಲೆಮಾರಾಯಿತು ಎನ್ನುವುದೇ ಅಂಜಿನವ್ವನ ದೊಡ್ಡ ಸಮಾಧಾನವಾಗಿತ್ತು.

ಡಿಜೆಗಳು ಬಂದು ಕಲ್ಲೇಶಪ್ಪನ ಬ್ಯಾಂಡು ಮುಚ್ಚಿಹೋಗಿತ್ತು. ಅದನ್ನು ಬೇರೊಂದು ರೂಪದಲ್ಲಿ ಎಬ್ಬಿಸಿದವನು ಹರಿಹರದಲ್ಲಿ ಮೊಬೈಲ್ ರಿಪೇರಿ ಮಾಡುವ ದಿನೇಶ್. ಲ್ಯಾಪ್‌ಟಾಪಿನಲ್ಲಿ ಈಗಿನ ಬೀಟು, ಅದರ ಜೊತೆ ಕೀಬೋರ್ಡು, ಡ್ರಮ್ಮು, ಬೇಸ್ ಗಿಟಾರು, ಇವೆಲ್ಲದರ ಮೇಲೆ ಕಲ್ಲೇಶಪ್ಪನ ಹಳೇ ಸ್ವಿಂಗು. ಹೊಳೆಯ ಪಕ್ಕದ ಊರಿನವರು ಎಂದು ಅದಕ್ಕೆ 'ಹೊಳೆಸಾಲು ಸ್ವಿಂಗ್' ಎಂಬ ಹೆಸರಿಟ್ಟಿದ್ದರು. ರಿಸೆಪ್ಶನ್ನುಗಳಿಗೆ ಆಗಷ್ಟೇ ಕರೆ ಬರತೊಡಗಿತ್ತು.

ಆ ದಿನ ರಾತ್ರಿ ಊಟಕ್ಕೆ ಕುಳಿತಾಗ ಅಂಜಿನವ್ವ ಎಲ್ಲರ ತಟ್ಟೆಗೂ ರೊಟ್ಟಿ ಹಾಕಿದಳು. ಬದನೆಕಾಯಿ ಪಲ್ಯ ಬಡಿಸಿದ ಮೇಲೆ ಮಾತು ತೆಗೆದಳು.

"ಇವರಪ್ಪ ಪೆಟ್ಟಿಗೆ ಇಟ್ಟು ಹೋಗ್ಯಾನೆ. ಇವಳು ಹೋಗಿ ಊದಬೇಕಂತೆ."

"ಒಂದು ಸಲ ಅಂದಾರೆ ಅತ್ತಿ," ಎಂದಳು ರೇಖಾ. "ಅಪ್ಪ ಒಪ್ಕಂಡಿರೋ ಕೆಲಸ. ನಾನು ಹೋಗದಿದ್ರೆ ಆ ಹುಡುಗ್ರ ಮಾತು ಹೋಗ್ತೈತೆ."

"ನಮ್ಮ ಮರ್ಯಾದಿ ಹೋದ್ರೆ ನಡೀತೈತಾ? ರಶ್ಮಿಗೆ ಗಂಡು ನೋಡಾಕೆ ಹತ್ತೀವಿ. ಬಂದೋರು ನಿಮ್ಮ ಸೊಸಿ ಏನು ಮಾಡ್ತಾಳೆ ಅಂದ್ರೆ ಏನು ಹೇಳಲಿ? ಮದುವಿ ಮನ್ಯಾಗೆ ನಿಂತು ಪೀಪಿ ಊದ್ತಾಳೆ ಅನ್ಲಾ?"

"ಪೀಪಿ ಅಲ್ಲವ್ವ, ಸ್ಯಾಕ್ಸೊಫೋನ್," ಎಂದಳು ರಶ್ಮಿ.

"ಯಾವುದಾದ್ರೇನು. ಊದೋದು ಊದೋದೇ."

ಮೈಲಾರಲಿಂಗಪ್ಪ ಮಜ್ಜಿಗೆ ಕೇಳಿದ. ಅಂಜಿನವ್ವ ಪಾತ್ರೆಯನ್ನೇ ಅವನ ಮುಂದೆ ಕುಕ್ಕಿದಳು.

"ಹೋಗಿ ಬರ್ಲಿ ಬಿಡವ್ವ," ಎಂದ ಸಿದ್ದು. "ಮಾವಗೆ ಹಲ್ಲು ಕಟ್ಟಿಸಿದ್ರೆ ಅವನೇ ಊದ್ತಾನೆ. ಅಲ್ಲಿತನಕ ತಾನೆ."

"ಪ್ರಾಕ್ಟೀಸು ಭಾನುವಾರ ಅಂತೆ. ಭಾನುವಾರ ರೊಟ್ಟಿ ನೀನು ಬಡಿತೀಯಾ?"

ಸಿದ್ದು ತಲೆ ತಗ್ಗಿಸಿ ಪಲ್ಯ ಕಲಸಿದ. ಮೈಲಾರಲಿಂಗಪ್ಪ, "ಉಪ್ಪಿಟ್ಟು ನಾನು ಮಾಡಬಲ್ಲೆ. ಲೈನ್ ಎಳೆಯಾಕೆ ಹೋದಾಗ ಕ್ಯಾಂಪಿನಾಗೆ ನಾನೇ ಮಾಡ್ತಿದ್ದೆ," ಎಂದ. ಅಷ್ಟು ವರ್ಷ ಸಂಸಾರ ಮಾಡಿದರೂ ಅಂಜಿನವ್ವನಿಗೆ ಇದು ಹೊಸ ಸುದ್ದಿ. ಅವಳು ಗಂಡನನ್ನೇ ನೋಡುತ್ತ ಕುಳಿತಳು. ಆ ಹೊತ್ತಿಗೆ ಮಾತು ಅಲ್ಲಿಗೆ ನಿಂತಿತು.

ಭಾನುವಾರ ಬೆಳಿಗ್ಗೆ ರೇಖಾ ಹಿಂದಿನ ದಿನದ ಪಾತ್ರೆ ತೊಳೆದಿಟ್ಟು, ಆರು ವರ್ಷದ ಮಗಳು ಭಾಗ್ಯಳಿಗೆ ತಲೆ ಬಾಚಿ, ಅವಳನ್ನೂ ಕರೆದುಕೊಂಡು ಹರಿಹರದ ಬಸ್ಸು ಹತ್ತಿದಳು. ಕಲ್ಲೇಶಪ್ಪನ ಮನೆಯ ಪಕ್ಕದ ಹಿಟ್ಟಿನ ಗಿರಣಿಗೆ ಭಾನುವಾರ ರಜೆ. ಗಿರಣಿಯ ಹಿಂದಿನ ಗೋದಾಮಿನಲ್ಲಿ ದಿನೇಶ್ ವೈರುಗಳನ್ನು ಹರಡಿಕೊಂಡು ಕಾಯುತ್ತಿದ್ದ.

ಮೊದಲ ಅರ್ಧ ಗಂಟೆಯಲ್ಲಿ ರೇಖಾಳ ತುಟಿ ಊದಿಕೊಂಡಿತು. ಬೆರಳುಗಳಿಗೆ ಜಾಗ ನೆನಪಿತ್ತು, ಉಸಿರಿಗೆ ನೆನಪಿರಲಿಲ್ಲ. ಎರಡು ಸಾಲು ಊದಿ ಏದುಸಿರು ಬಿಡುತ್ತಿದ್ದಳು.

"ಅಕ್ಕ, ಬೀಟು ಬಂದ ಕೂಡ್ಲೆ ನೀವೂ ಬರಬೇಕು. ಹಿಂದೆ ಬೀಳಾಕೆ ಹತ್ತೀರಿ," ಎಂದ ದಿನೇಶ್.

ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ಕಲ್ಲೇಶಪ್ಪ ಕೆರಳಿದ. "ಹಿಂದೆ ಬೀಳೋದಲ್ಲೋ ಅದು. ಸ್ವಿಂಗ್ ಅಂದ್ರೆ ತೊಟ್ಟಿಲು ತೂಗಿದಂಗೆ. ಒಂದು ಕಡಿ ಜಾಸ್ತಿ ಹೊತ್ತು, ಒಂದು ಕಡಿ ಕಮ್ಮಿ. ನಿನ್ನ ಲ್ಯಾಪ್‌ಟಾಪು ಪೊಲೀಸ್ ಪರೇಡು ಮಾಡ್ತೈತೆ."

"ಪರೇಡು ಇಲ್ಲಂದ್ರೆ ಈಗಿನ ಹುಡುಗ್ರು ಕುಣಿಯಲ್ಲ ಕಾಕಾ."

"ಕುಣೀದಿದ್ರೆ ಕೂತು ಕೇಳ್ಲಿ."

ಇಬ್ಬರೂ ಹೀಗೇ ಚಾ ಬರುವವರೆಗೂ ಜಗಳಾಡಿದರು. ಚಾ ಕುಡಿಯುತ್ತ ರೇಖಾ, "ದಿನೇಶ, ನೀನು ಪರೇಡೇ ಮಾಡು. ನಾನು ನನ್ನಷ್ಟಕ್ಕೆ ತಡ ಮಾಡಿ ಬರ್ತೀನಿ. ಇಬ್ರೂ ಒಂದೇ ಕಡಿ ಹೋಗಬೇಕು ಅಂತ ಏನೈತೆ?" ಎಂದಳು.

ಹಾಗೆ ಮಾಡಿ ನೋಡಿದರು. ಲ್ಯಾಪ್‌ಟಾಪಿನ ಬೀಟು ಗಿರಣಿಯ ಬೆಲ್ಟಿನಂತೆ ಒಂದೇ ಸಮ ಓಡುತ್ತಿತ್ತು. ರೇಖಾ ಅದರ ಮೇಲೆ ಕುಳಿತಂತೆ ಆರಾಮಾಗಿ, ಸ್ವಲ್ಪ ಸೋಮಾರಿಯಾಗಿ, ತನ್ನ ಸಾಲು ಊದಿದಳು. ಡ್ರಮ್ಮಿನ ಹುಡುಗ ಯಾರ ಕಡೆ ಹೋಗುವುದೆಂದು ತಿಳಿಯದೆ ಎರಡು ಸಲ ತಪ್ಪಿದ. ಮೂರನೆಯ ಸಲ ಅವನಿಗೂ ಅದರ ಗುಟ್ಟು ಸಿಕ್ಕಿತು. ಹಳೆಯ ಕ್ಲಬ್ಬಿನ ರಾಗ ಹೊಸ ತಾಳದ ಮೇಲೆ ತೂಗತೊಡಗಿದಾಗ ಕಲ್ಲೇಶಪ್ಪ ಬಾಯಿಗೆ ಹಿಡಿದಿದ್ದ ಕರವಸ್ತ್ರ ಮರೆತು ತೊಡೆ ತಟ್ಟುತ್ತಿದ್ದ. ಭಾಗ್ಯ ಹಿಟ್ಟಿನ ಮೂಟೆಗಳ ಮೇಲೆ ಕುಣಿದು ಲಂಗವೆಲ್ಲ ಬೆಳ್ಳಗೆ ಮಾಡಿಕೊಂಡಳು.

ಸಂಜೆ ಮನೆಗೆ ಬಂದಾಗ ಮೈಲಾರಲಿಂಗಪ್ಪ ಮಾಡಿದ ಉಪ್ಪಿಟ್ಟು ಪಾತ್ರೆಯ ತಳಕ್ಕೆ ಸಿಮೆಂಟಿನಂತೆ ಹಿಡಿದಿತ್ತು. ಅಂಜಿನವ್ವ ಅದನ್ನು ತೊಳೆಯದೆ ಸೊಸೆಯ ಕಣ್ಣಿಗೆ ಬೀಳುವಂತೆ ಇಟ್ಟಿದ್ದಳು. ರೇಖಾ ಅದರಲ್ಲಿ ನೀರು ಹಾಕಿ ನೆನೆಯಲು ಬಿಟ್ಟು, ರೊಟ್ಟಿಗೆ ಹಿಟ್ಟು ಕಲಸಿದಳು. ತುಟಿ ಉರಿಯುತ್ತಿತ್ತು. ಆದರೂ ರೊಟ್ಟಿ ಬಡಿಯುವ ಅವಳ ಕೈ ಆ ದಿನ ಬೇರೆ ತಾಳದಲ್ಲಿ ಬೀಳುತ್ತಿದೆ ಎಂದು ರಶ್ಮಿಗೆ ಅನ್ನಿಸಿತು.

ರಿಸೆಪ್ಶನ್ ಚೆನ್ನಾಗಿ ಆಯಿತು. ಸಿದ್ದು ಹೋಗಿದ್ದ. ಹಿಂದಿನ ಸಾಲಿನಲ್ಲಿ ನಿಂತು ನೋಡಿ ಬಂದವನು ತಾಯಿಗೆ ಊಟದ ವಿಷಯ ಮಾತ್ರ ಹೇಳಿದ, ಹೋಳಿಗೆ ಚೆನ್ನಾಗಿತ್ತು ಎಂದ. ಮಲಗುವ ಕೋಣೆಯಲ್ಲಿ ಹೆಂಡತಿಗೆ, "ನೀನು ಹಂಗೆ ಊದ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದ.

"ನೀವು ಕೇಳ್ಲೇ ಇಲ್ಲ," ಎಂದಳು ರೇಖಾ.

ಒಂದೇ ಸಲ ಎಂದದ್ದು ಎರಡಾಯಿತು, ಮೂರಾಯಿತು. ಹಲ್ಲು ಕಟ್ಟಿಸಿದ ಮೇಲೂ ಕಲ್ಲೇಶಪ್ಪನ ಬಾಯಲ್ಲಿ ಸ್ಯಾಕ್ಸೊಫೋನಿನ ಊದುವ ತುದಿ ನಿಲ್ಲಲಿಲ್ಲ. ರೇಖಾಳಿಗೆ ದುಡ್ಡು ಬಂತು. ಗ್ಯಾಸ್ ಸಿಲಿಂಡರ್ ಬಂದ ದಿನ ಸಿದ್ದು ಅಂಗಡಿಯಲ್ಲಿದ್ದ, ಆ ದುಡ್ಡಿನಿಂದ ಅವಳೇ ಕೊಟ್ಟಳು. ಅದು ಗೊತ್ತಾದ ಅಂಜಿನವ್ವ ಒಂದು ವಾರ ಆ ಸಿಲಿಂಡರ್ ಮುಟ್ಟಲಿಲ್ಲ. ಹಿತ್ತಲ ಬಚ್ಚಲೊಲೆಯಲ್ಲಿ ಸೌದೆ ಹಾಕಿ ಅನ್ನ ಮಾಡಿದಳು. ಹೊಗೆ ಪಕ್ಕದ ಮನೆ ನಾಗಕ್ಕನ ಬಟ್ಟೆಗೆ ಹೋಯಿತು.

"ಏನ್ರಿ ಅಂಜಿನವ್ವ, ಗ್ಯಾಸ್ ಖಾಲಿ ಆತೇನು?"

"ಇಲ್ಲ. ಒಲಿ ಅನ್ನ ರುಚಿ."

"ನಿಮ್ಮ ಸೊಸಿ ಊದೋದು ಮೊಬೈಲಿನಾಗೆ ಬಂದೈತೆ ನೋಡಿದ್ರಾ? ನಮ್ಮ ಮೊಮ್ಮಗ ತೋರ್ಸಿದ. ಮಿಣಿಮಿಣಿ ಲೈಟಿನಾಗೆ ಚಂದ ಕಾಣ್ತಾಳೆ."

ಅಂಜಿನವ್ವ ಕೈಯಲ್ಲಿದ್ದ ಸೌದೆಯನ್ನು ಒಲೆಗೆ ಹಾಕದೆ ನೆಲಕ್ಕಿಟ್ಟಳು. ನಾಲ್ಕು ದಿನದ ಹಿಂದಷ್ಟೇ ಭಾನುವಳ್ಳಿಯಿಂದ ಗಂಡಿನ ಕಡೆಯವರು ಬಂದು ರಶ್ಮಿಯನ್ನು ನೋಡಿಕೊಂಡು ಹೋಗಿದ್ದರು. ಹುಡುಗ ತಿಪ್ಪೇಶ್, ಊರಲ್ಲಿ ಬೀಜ ಗೊಬ್ಬರದ ಅಂಗಡಿ. ತಂದೆಯಿಲ್ಲ. ತಾಯಿ ಲಕ್ಷ್ಮೀದೇವಿ ಮಗನ ಜೊತೆ ಅಂಗಡಿ ನೋಡಿಕೊಳ್ಳುತ್ತಾಳೆ. ಹಿರೀಕನಾಗಿ ಮಾತಾಡುವವನು ಚಿಕ್ಕಪ್ಪ ಹುಲಿಯಪ್ಪ. ಅಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಹುಡುಗಿ ಒಪ್ಪಿಗೆ ಎಂದು ಮುಖದ ಮೇಲೇ ಹೇಳಿದ್ದರು. ತಿಪ್ಪೇಶ್ ರಶ್ಮಿಯ ಹತ್ತಿರ ಅವಳ ಕೆಲಸದ ಬಗ್ಗೆ ಕೇಳಿ, ಹಬ್ಬದ ಗಿರಾಕಿಗಳ ಕಥೆಗೆ ಮನಸಾರೆ ನಕ್ಕಿದ್ದ. ಅವರು ಹೋದ ಮೇಲೆ ರಶ್ಮಿ ಯಾರೂ ಹೇಳದೆ ಇಡೀ ಮನೆಯ ನೆಲ ಒರೆಸಿದ್ದಳು. ಮಗಳ ಮನಸ್ಸು ಅಂಜಿನವ್ವನಿಗೆ ಅದರಿಂದಲೇ ತಿಳಿದಿತ್ತು. ರೇಖಾಳ ಊದುವ ವಿಷಯ ಮಾತ್ರ ಯಾರೂ ಬಾಯಿ ಬಿಡಬಾರದೆಂದು ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದಳು.

ಮುಹೂರ್ತದ ತಾರೀಖು ಗೊತ್ತು ಮಾಡಲು ಹುಲಿಯಪ್ಪ ಬರುತ್ತಾನೆಂದು ಫೋನ್ ಬಂತು. ಬುಧವಾರ ಹತ್ತು ಗಂಟೆಯ ಹೊತ್ತಿಗೆ ಒಬ್ಬನೇ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಕುರ್ಚಿ ಒರೆಸಿಕೊಂಡು ಕುಳಿತ. ಸಿದ್ದು ಅಂಗಡಿ ಬಾಗಿಲು ಹಾಕಿ ಬಂದಿದ್ದ. ರಶ್ಮಿ ಆ ದಿನ ರಜೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಒಂದು ವಿಷಯ ಕಿವಿಗೆ ಬಿತ್ತು," ಎಂದ ಹುಲಿಯಪ್ಪ. "ಕಿವಿಗೇನು, ಕಣ್ಣಿಗೇ ಬಿತ್ತು. ನಿಮ್ಮ ಸೊಸಿ ಸ್ಟೇಜ್ ಮೇಲೆ ನಿಂತು ಊದ್ತಾರಂತಲ್ಲ."

ಮೈಲಾರಲಿಂಗಪ್ಪ ಕೆಮ್ಮಿದ.

"ತಪ್ಪು ಅಂತ ನಾನು ಅನ್ನಲ್ಲ. ಆದ್ರೆ ನಮ್ಮ ಕಡಿ ಜನ ಆಡ್ಕಂತಾರೆ. ಅದನ್ನ ಬಿಟ್ಟುಬಿಡಾಕೆ ಹೇಳ್ರಿ. ಅಷ್ಟಾದ್ರೆ ನಾಳೆನೇ ತಾರೀಖು ಹಿಡಿಯಣ."

ಅಂಜಿನವ್ವನಿಗೆ ಒಳಗೊಳಗೇ ಹಗುರವಾಯಿತು. ವಾರಗಳಿಂದ ತಾನು ಹೇಳುತ್ತಿದ್ದುದನ್ನೇ ಈಗ ಹೊರಗಿನವನು ಹೇಳುತ್ತಿದ್ದಾನೆ. ಇನ್ನು ಮಗನೂ ಬಾಯಿ ಮುಚ್ಚುತ್ತಾನೆ, ಸೊಸೆಯೂ ಮನೆ ಹಿಡಿಯುತ್ತಾಳೆ. ಅವಳು ಸೊಸೆಯ ಕಡೆ ತಿರುಗಿದಳು. ರೇಖಾ ಚಾದ ತಟ್ಟೆ ಹಿಡಿದು ನಿಂತಿದ್ದಳು. ಒಂದು ಗಳಿಗೆ ನಾದಿನಿಯ ಮುಖ ನೋಡಿ, ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, "ಆತ್ರಿ, ಬಿಡ್ತೀನಿ," ಎಂದಳು.

ಹುಲಿಯಪ್ಪ ಸಂತೋಷದಿಂದ ಕಪ್ಪು ಎತ್ತಿಕೊಂಡ. "ನೋಡ್ರಿ, ಒಂದೇ ಮಾತಿಗೆ ಬಿಟ್ರು. ಹೆಣ್ಣುಮಕ್ಕಳು ಅಂದ್ರೆ ಹಿಂಗಿರಬೇಕು. ನಿಮ್ಮ ಮಗಳೂ ಹಿಂಗೇ ಅಲ್ಲೇನ್ರಿ?"

ಅಂಜಿನವ್ವ ರಶ್ಮಿಯನ್ನು ನೋಡಿದಳು. ರಶ್ಮಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನೆಲ ನೋಡುತ್ತಿದ್ದಳು.

"ನನ್ನ ಮಗಳು ಏನೇನು ಬಿಡಬೇಕಾಗ್ತೈತಿ?" ಎಂದು ಕೇಳಿದಳು ಅಂಜಿನವ್ವ.

"ಹೆಚ್ಚೇನಿಲ್ಲ. ಅಂಗಡಿ ಕೆಲಸ ಹೆಂಗೂ ಬಿಡ್ತಾಳೆ. ಸ್ಕೂಟಿ ಓಡಿಸೋದು ನಮ್ಮೂರಾಗೆ ನಡೆಯಲ್ಲ. ಹೊರಗಿನೋರ ಮುಂದೆ ಮಾತು ಸ್ವಲ್ಪ ಕಮ್ಮಿ ಮಾಡಿದ್ರಾತು. ಮೊನ್ನೆ ನಮ್ಮ ಹುಡುಗನ ಮುಂದೆ ಜೋರಾಗೇ ನಗ್ತಿದ್ಲು."

"ಮೊದ್ಲು ನಕ್ಕಿದ್ದು ನಿಮ್ಮ ಹುಡುಗ."

"ಗಂಡುಮಕ್ಕಳ ವಿಷಯ ಬ್ಯಾರೆ."

"ಹಂಗಾದ್ರೆ ಬ್ಯಾಡ ಬಿಡ್ರಿ," ಎಂದಳು ಅಂಜಿನವ್ವ.

ಹುಲಿಯಪ್ಪನಿಗೆ ಅರ್ಥವಾಗಲಿಲ್ಲ. "ಏನು ಬ್ಯಾಡ?"

"ಸಂಬಂಧ. ನನ್ನ ಸೊಸಿ ಏನು ಮಾಡಬೇಕು, ಏನು ಬಿಡಬೇಕು ಅಂತ ಈಗ್ಲೇ ನಮ್ಮ ಮನ್ಯಾಗೆ ಕೂತು ಹೇಳಾಕೆ ಹತ್ತೀರಿ. ನಾಳೆ ನಿಮ್ಮ ಮನ್ಯಾಗೆ ನನ್ನ ಮಗಳಿಗೆ ಉಸಿರು ಬಿಡು ಅಂತೀರಿ. ಇವಳು ಊದೋದು ಬಿಡಲ್ಲ. ನನ್ನ ಮಗಳ ಮದುವಿ ಆದ್ಮ್ಯಾಲೂ ಊದ್ತಾಳೆ. ಚಾ ಕುಡೀರಿ, ಆರ್ತೈತಿ."

ಹುಲಿಯಪ್ಪ ಚಾ ಕುಡಿಯಲಿಲ್ಲ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಟ. ಗೇಟಿನ ಸದ್ದಾದ ಮೇಲೆ ಸಿದ್ದು ತಾಯಿಯ ಮೇಲೆ ತಿರುಗಿಬಿದ್ದ.

"ಏನವ್ವ ನೀನು? ಎರಡು ತಿಂಗಳಿಂದ ಬಿಡಿಸು ಬಿಡಿಸು ಅಂತ ನನ್ನ ಜೀವ ತಿಂದಿದ್ದು ಯಾರು? ಅವರೂ ಅದನ್ನೇ ಅಂದ್ರಲ್ಲ."

"ನಾನು ಈ ಮನಿಯಾಕಿ. ನಾನು ಅಂತೀನಿ. ಅವನ್ಯಾರು?"

"ಇವಳೇ ಬಿಡ್ತೀನಿ ಅಂದ್ಲು."

"ಅದಕ್ಕೇ ನಂಗೆ ಸಿಟ್ಟು ಬಂದಿದ್ದು. ಅವನು ಬಾಯಿ ತೆರೆಯೋದ್ರಾಗೆ ಹೂಂ ಅಂದುಬಿಡೋದಾ? ನಾನು ಬಡ್ಕಂಡಾಗ ಒಂದು ದಿನಾನಾದ್ರೂ ಹೂಂ ಅಂದಾಳಾ?"

ರೇಖಾ ಹುಲಿಯಪ್ಪ ಬಿಟ್ಟುಹೋದ ಚಾದ ಕಪ್ಪು ಎತ್ತಿಕೊಂಡಳು. ರಶ್ಮಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಆಮೇಲಿನ ದಿನಗಳು ಆ ಮನೆಗೆ ಭಾರವಾಗಿ ಹೋದವು. ಭಾನುವಳ್ಳಿಯಿಂದ ಸುದ್ದಿಯಿಲ್ಲ. ರಶ್ಮಿ ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದಳು, ಸಂಜೆ ಅದರಲ್ಲಿ ಅರ್ಧ ಊಟ ಉಳಿದಿರುತ್ತಿತ್ತು. ಅಂಜಿನವ್ವ ಆ ಡಬ್ಬಿ ತೆರೆದು ನೋಡಿ ಮುಚ್ಚುತ್ತಿದ್ದಳು. ಮಾತು ಆಡುವಾಗಿನ ಧೈರ್ಯ ಈಗ ಇರಲಿಲ್ಲ. ಮಗಳ ಬಾಳಿಗೆ ತಾನೇ ಕಲ್ಲು ಹಾಕಿದೆನೇನೋ ಎಂಬ ಯೋಚನೆಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು, ಇಲ್ಲವೇ ಎರಡು ಸಲ ಹಾಕುತ್ತಿದ್ದಳು. ಮೈಲಾರಲಿಂಗಪ್ಪ ಸಪ್ಪೆಯಿದ್ದರೂ ಉಪ್ಪಾದರೂ ಒಂದೇ ರೀತಿ ಉಂಡು ಏಳುತ್ತಿದ್ದ.

ಭಾನುವಾರ ರೇಖಾ ಬಸ್ಸಿಗೆ ಹೊರಡಲಿಲ್ಲ. ಅಕ್ಕಿ ಹಿಟ್ಟು ಜರಡಿ ಹಿಡಿಯುತ್ತ ಕುಳಿತಳು.

"ಯಾಕ, ಹೋಗಲ್ಲಾ?" ಎಂದಳು ಅಂಜಿನವ್ವ.

"ಮನಸ್ಸಿಲ್ಲ ಅತ್ತಿ. ನನ್ನಿಂದ ಇಷ್ಟೆಲ್ಲ ಆತು."

"ಆತು ಬಿಡು. ಈಗ ಹೋಗದಿದ್ರೆ ಆ ಮನುಷ್ಯನ ಮಾತು ನಡೆದಂಗಾತು. ಎದ್ದು ಹೋಗು. ಹುಡುಗಿನ್ನ ಇಲ್ಲೇ ಬಿಡು, ಲಂಗ ಎಲ್ಲಾ ಹಿಟ್ಟು ಮಾಡ್ಕಂಡು ಬರ್ತೈತೆ."

ರೇಖಾ ಪೆಟ್ಟಿಗೆ ತೆಗೆದುಕೊಂಡು ಹೋದಳು. ಅಂದು ಸಂಜೆ ಬರುವಾಗ ರೊಟ್ಟಿ ಆಗಿದ್ದವು. ಯಾರು ಮಾಡಿದರೆಂದು ಅವಳು ಕೇಳಲಿಲ್ಲ, ಅಂಜಿನವ್ವ ಹೇಳಲೂ ಇಲ್ಲ.

ಈ ನಡುವೆ ರಶ್ಮಿ ಒಂದು ಕೆಲಸ ಮಾಡಿದಳು. ಊಟದ ಬಿಡುವಿನಲ್ಲಿ, ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಿಪ್ಪೇಶನಿಗೆ ತಾನೇ ಫೋನ್ ಮಾಡಿದಳು.

"ನಾನು ರಶ್ಮಿ. ಒಂದೇ ಮಾತು ಕೇಳ್ತೀನಿ. ನಾನು ಕೆಲಸ ಬಿಡಬೇಕು, ಗಾಡಿ ಬಿಡಬೇಕು, ನಮ್ಮ ರೇಖಾ ಅತ್ತಿಗೆ ಊದೋದು ಬಿಡಬೇಕು ಅಂತ ಹೇಳಿ ಕಳಿಸಿದ್ದು ನೀವಾ?"

ಆ ಕಡೆ ಯಾರೋ ಯೂರಿಯಾ ಕೇಳುತ್ತಿದ್ದುದು ಕೇಳಿಸಿತು.

"ಯಾರು ಹೇಳಿ ಕಳಿಸಿದ್ರು?" ಎಂದ ತಿಪ್ಪೇಶ್. "ಚಿಕ್ಕಪ್ಪ ಬಂದು, ಅವರಿಗೆ ಬ್ಯಾರೆ ಕಡಿ ಗಟ್ಟಿ ಆಗೈತಂತೆ, ನಮ್ಮನ್ನ ಬ್ಯಾಡ ಅಂದ್ರು ಅಂತ ಹೇಳಿದ. ಅವ್ವ ಎರಡು ದಿನ ಊಟ ಮಾಡಿಲ್ಲ."

"ನಾನೂ ಮಾಡಿಲ್ಲ," ಎಂದು ರಶ್ಮಿ ಅಂದುಬಿಟ್ಟಳು. ಅಂದಮೇಲೆ ನಾಚಿಕೆಯಾಗಿ ಫೋನ್ ಇಟ್ಟಳು.

ಮನೆಯಲ್ಲಿ ಅವಳು ಯಾರಿಗೂ ಇದನ್ನು ಹೇಳಲಿಲ್ಲ. ಹೀಗಾಗಿ ಮಾರನೆಯ ಬೆಳಿಗ್ಗೆ ಲಕ್ಷ್ಮೀದೇವಿಯೂ ತಿಪ್ಪೇಶನೂ ಗೇಟು ತೆರೆದು ಒಳಗೆ ಬಂದಾಗ ಅಂಜಿನವ್ವ ತಲೆಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಎದ್ದು ನಿಂತು ಸೆರಗು ಹೊದ್ದಳು. ಇವರು ಮುಖಕ್ಕೆ ಹೊಡೆದಂತೆ ಮಾತಾಡಿ ಹೋಗಲು ಬಂದಿದ್ದಾರೆ ಎಂದೇ ಅವಳ ಎಣಿಕೆ.

"ಕೂಡ್ರಿ," ಎಂದಳು ಕಡೆಗೆ.

"ಕೂಡ್ತೀನಿ. ಮೊದ್ಲು ಒಂದು ಹೇಳಿಬಿಡ್ತೀನಿ, ಬಸ್ಸಿನಾಗೆ ಬಾಯಿಪಾಠ ಮಾಡ್ಕಂಡು ಬಂದೀನಿ," ಎಂದಳು ಲಕ್ಷ್ಮೀದೇವಿ. "ನಮ್ಮ ಮೈದುನನ್ನ ನಾನು ಕಳಿಸಿದ್ದು ತಾರೀಖು ಕೇಳ್ಕಂಡು ಬಾ ಅಂತ. ಅವನು ಏನೇನೋ ಕೇಳಿ ಬಂದಾನೆ. ಅದು ನಮ್ಮ ಮಾತಲ್ಲ. ನಾನೇ ಗಂಡ ಹೋದ ಮೇಲೆ ಅಂಗಡಿಯಾಗೆ ಕೂತು ಗೊಬ್ಬರ ಮಾರಿದಾಕಿ. ಆಗ್ಲೂ ಅವನು ಬಿಟ್ಟುಬಿಡು ಅಂದಿದ್ದ. ಬಿಟ್ಟಿದ್ರೆ ಈ ಹುಡುಗನ್ನ ಹೆಂಗೆ ಸಾಕ್ತಿದ್ದೆ?"

ಅಂಜಿನವ್ವ ಅವಳ ಕೈ ಹಿಡಿದುಕೊಂಡಳು. ಎಣ್ಣೆಗೈ ಎಂಬುದು ಇಬ್ಬರಿಗೂ ಆಮೇಲೆ ಗೊತ್ತಾಯಿತು.

"ನನ್ನ ಮಾತೂ ಒರಟಾತು ನೋಡ್ರಿ," ಎಂದಳು ಅಂಜಿನವ್ವ.

"ಒರಟಾಗಿದ್ದು ಒಳ್ಳೇದಾತು. ಮೆತ್ತಗೆ ಹೂಂ ಅಂದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅವನು ಹಾಕಿದ ಷರತ್ತೆಲ್ಲಾ ನನ್ನ ಹೆಸರಿಗೆ ಬರ್ತಿತ್ತು."

ಒಳಗಿನಿಂದ ಮೈಲಾರಲಿಂಗಪ್ಪ ಕುರ್ಚಿಗಳನ್ನು ತಾನೇ ಹೊತ್ತು ತಂದ. ಸಿದ್ದು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಬೆಣ್ಣೆ ದೋಸೆ ತರಲು ಓಡಿದ. ಕೆಲಸಕ್ಕೆ ಹೊರಟಿದ್ದ ರಶ್ಮಿ ಬ್ಯಾಗು ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು.

"ಕೆಲಸಕ್ಕೆ ಹೊತ್ತಾಗಲ್ಲೇನ್ರಿ?" ಎಂದು ತಿಪ್ಪೇಶ್ ಕೇಳಿದ.

"ಆಗ್ತೈತೆ. ಇವತ್ತು ಆಗ್ಲಿ," ಎಂದಳು ರಶ್ಮಿ.

ಹುಲಿಯಪ್ಪನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ನಿಶ್ಚಿತಾರ್ಥದ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದ. ನಿಟ್ಟುವಳ್ಳಿಯ ಸಮುದಾಯ ಭವನದಲ್ಲಿ ಕಾರ್ಯ. ಬೆಳಗಿನ ಹೊತ್ತು ಉಂಗುರ ಬದಲಾಯಿತು, ಅಕ್ಷತೆ ಬಿತ್ತು. ಊಟಕ್ಕೆ ಇನ್ನೂ ಹೊತ್ತಿತ್ತು. ದಿನೇಶ್ ಮತ್ತು ಅವನ ಹುಡುಗರು ಮೂಲೆಯಲ್ಲಿ ವೈರು ಜೋಡಿಸಿದ್ದರು. ಇದಕ್ಕೆ ಕೂಲಿ ಬ್ಯಾಡ ಎಂದು ಅವನು ಹೇಳಿದಾಗ ಅಂಜಿನವ್ವ, "ಹಂಗಾದ್ರೆ ಬರಲೂ ಬ್ಯಾಡ" ಎಂದು ಗದರಿ ಮುಂಗಡ ಕೊಟ್ಟಿದ್ದಳು.

ರೇಖಾ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಬೆಳಿಗ್ಗೆಯಿಂದ ಬೀಗರಿಗೆ ನೀರು, ಹೂವು, ತಾಂಬೂಲ ಎಂದು ಓಡಾಡಿ ದಣಿದಿದ್ದಳು. ಮೊದಲ ಉಸಿರು ಎಳೆದುಕೊಂಡಾಗ ದಣಿವು ಎಲ್ಲೋ ಹೋಯಿತು. ಹಳೆಯ ಕ್ಲಬ್ಬಿನ ರಾಗ ಭವನದಲ್ಲಿ ಹರಡಿತು. ಕೆಳಗೆ ಲ್ಯಾಪ್‌ಟಾಪಿನ ಬೀಟು ಓಡುತ್ತಿತ್ತು. ಕಲ್ಲೇಶಪ್ಪ ಹೊಸ ಹಲ್ಲು ಕಾಣುವಂತೆ ನಗುತ್ತ ಮುಂದಿನ ಕುರ್ಚಿಯಲ್ಲಿ ತೂಗಾಡುತ್ತಿದ್ದ. ಭಾನುವಳ್ಳಿಯ ಹೆಂಗಸರು ಕೈಯಲ್ಲಿ ಎಲೆಅಡಿಕೆ ಹಿಡಿದುಕೊಂಡೇ ಸುತ್ತ ನಿಂತರು. ಅವರಲ್ಲೊಬ್ಬಳು ಅಂಜಿನವ್ವನನ್ನು ಕೇಳಿದಳು, "ಊದಾಕಿ ಯಾರ್ರಿ?"

"ನಮ್ಮಾಕಿ. ನನ್ನ ಸೊಸಿ," ಎಂದಳು ಅಂಜಿನವ್ವ.

ಹಾಗೆಂದವಳು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಹುಬ್ಬು ಗಂಟಾಯಿತು. ಜನರ ನಡುವೆ ದಾರಿ ಮಾಡಿಕೊಂಡು ಮೂಲೆಗೆ ನಡೆದಳು. ಅತ್ತೆ ಬರುವುದನ್ನು ಕಂಡು ರೇಖಾಳ ಸ್ವರ ಒಂದು ಗಳಿಗೆ ಅಳುಕಿತು, ನಿಲ್ಲಲಿಲ್ಲ. ಅಂಜಿನವ್ವ ಅವಳ ಕಡೆ ನೋಡಲೂ ಇಲ್ಲ. ಬಾಗಿ ದಿನೇಶನ ಕಿವಿಯ ಹತ್ತಿರ ಹೇಳಿದಳು:

"ಲೇ ತಮ್ಮ, ನಿಂದು ಸ್ವಲ್ಪ ಇಳಿಸು. ನಮ್ಮ ಹುಡುಗಿದು ಹಿಂದೆ ನಿಂತೋರಿಗೆ ಕೇಳವಲ್ದು."

ದಿನೇಶ್ ಬೀಟು ಇಳಿಸಿದ. ಅಂಜಿನವ್ವ ಹಿಂತಿರುಗಿ ಗೋಡೆಯವರೆಗೂ ಹೋಗಿ, ಕಡೆಯ ಸಾಲಿನಲ್ಲಿ ನಿಂತು ಕೇಳಿದಳು. ಅಲ್ಲಿಯವರೆಗೂ ಈಗ ಚೆನ್ನಾಗಿ ಕೇಳುತ್ತಿತ್ತು. ತಲೆಯಾಡಿಸಿ, ಎಲೆ ಹಾಕಿದರೋ ಇಲ್ಲವೋ ನೋಡಲು ಊಟದ ಹಾಲ್ ಕಡೆಗೆ ನಡೆದಳು.